ಸಂಡೂರು ಸೀಮೆಯ ತರಕಾರಿಗೆ ರಾತ್ರಿಯ ಬಿಸಿಯೇ ಕ್ಯಾಲೆಂಡರ್

ಸಂಕ್ರಾಂತಿ ಮುಗೀತಿದ್ದಂಗೆ ಪ್ರತಿ ವರ್ಷ ನನಗೆ ಒಂದೇ ಪ್ರಶ್ನೆ ಬರುತ್ತೆ: "ಸರ್, ಈಗ ಟೊಮೆಟೊ ನಾಟಿ ಮಾಡಿದ್ರೆ ಬೇಸಿಗೆ ರೇಟು ಸಿಗುತ್ತಲ್ವಾ?" ರೇಟು ಸಿಗಬಹುದು. ಆದರೆ ದೋಣಿಮಲೈ, ಸಂಡೂರು, ಹೊಸಪೇಟೆ, ಕಂಪ್ಲಿ ಕಡೆ ಆ ಹೊತ್ತಿಗೆ ಗಿಡದಲ್ಲಿ ಕಾಯಿ ಇರುತ್ತಾ? ಸಸಿ, ಕೋಲು, ದಾರ, ಕೂಲಿ ಅಂತ ಸಾಲ ತಂದು ಹಾಕುವ ದುಡ್ಡು ನಿಂತಿರೋದು ಇದರ ಮೇಲೆ.

ಫೆಬ್ರುವರಿ ನಾಟಿ ಹೂವಿಗೆ ಬರೋದು ಮಾರ್ಚ್-ಏಪ್ರಿಲ್‌ನಲ್ಲಿ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24ಕ್ಕಿಂತ ಕೆಳಗೆ ಇಳಿಯದಿದ್ದರೆ ಟೊಮೆಟೊ ಪರಾಗ ಸತ್ವ ಕಳೆದುಕೊಳ್ಳುತ್ತೆ. ಹೂವು ಬಿಡುತ್ತೆ, ಕಾಯಿ ಕಚ್ಚಲ್ಲ, ತೊಟ್ಟಿನ ಸಮೇತ ಉದುರುತ್ತೆ. ಗಿಡ ಮಾತ್ರ ಹಸಿರಾಗೇ ಇರುತ್ತೆ. ಅದನ್ನ ನೋಡಿ ಪೋಷಕಾಂಶ ಕಮ್ಮಿ ಆಯ್ತೇನೋ ಅಂತ ಟಾನಿಕ್ ಹೊಡೀತಾರೆ. ಯಾವ ಟಾನಿಕ್ಕೂ ರಾತ್ರಿಯನ್ನ ತಂಪು ಮಾಡಲ್ಲ. ಅದಕ್ಕೇ ಮೊಬೈಲ್‌ನಲ್ಲಿ ಹವಾಮಾನ ನೋಡುವಾಗ ಗರಿಷ್ಠ ಬಿಟ್ಟು ಕನಿಷ್ಠ ಉಷ್ಣಾಂಶ ನೋಡಿ. 'ಮೇಘದೂತ್' ಆ್ಯಪ್‌ನಲ್ಲಿ ಜಿಲ್ಲೆವಾರು ಮುನ್ಸೂಚನೆ ಸಿಗುತ್ತೆ.

ನಮ್ಮ ಕಡೆ ಟೊಮೆಟೊಗೆ ಸರಿಯಾದ ಕಾಲ ಹುಬ್ಬೆ ಮಳೆಗೆ ಸಸಿಮಡಿ, ಹಸ್ತದಲ್ಲಿ ನಾಟಿ. ಹೂವು, ಕಾಯಿ ಎಲ್ಲ ಚಳಿಗಾಲದ ತಂಪು ರಾತ್ರಿಗಳಲ್ಲೇ ಆಗುತ್ತೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಳೆ ಜೋರಿರೋದ್ರಿಂದ ಏರುಮಡಿ ಬೇಕೇ ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆಮುದುಡು ನಂಜು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯುತ್ತೆ. ಹೈಬ್ರಿಡ್ ಆದ್ದರಿಂದ ಅದರ ಬೀಜ ಮಾತ್ರ ಎತ್ತಿಡಬೇಡಿ. ಕೋಸು, ಮೂಲಂಗಿಗೂ ಇದೇ ಕಾಲ. ಬದನೆ, ಮೆಣಸಿನಕಾಯಿ ಮೃಗಶಿರಾ ಮಳೆ ಹಿಡಿದು ಶುರು ಮಾಡಿದರೆ ಸಾಕು.

ಹಾಗಾದ್ರೆ ಬೇಸಿಗೆಗೆ ಏನು? ಬೆಂಡೆ, ಚವಳಿಕಾಯಿ, ಹೀರೆ, ಅಲಸಂದೆ, ದಂಟಿನ ಸೊಪ್ಪು. ಇವು ಬಿಸಿಲಿಗೇ ಹುಟ್ಟಿದ ಬೆಳೆಗಳು. ಬೆಂಡೆ ಬೀಜ ರಾತ್ರಿಯಿಡೀ ನೆನೆಸಿ ಫೆಬ್ರುವರಿಯಲ್ಲಿ ಊರಿ. ದಂಟು 25-30 ದಿನಕ್ಕೆ ಕಟಾವಿಗೆ ಬರುತ್ತೆ, ಕೈಗೆ ಬೇಗ ಕಾಸು.

ಎಷ್ಟು ಜಾಗದಲ್ಲಿ ಹಾಕಬೇಕು ಅನ್ನೋದನ್ನ ಜನವರಿಯ ಬೋರ್ ನೋಡಿ ನಿರ್ಧರಿಸಬೇಡಿ, ಹೋದ ಏಪ್ರಿಲ್‌ನಲ್ಲಿ ಎಷ್ಟು ನೀರು ಬಂದಿತ್ತು ಅನ್ನೋದು ಮುಖ್ಯ. ದಿನಕ್ಕೆ 5 ಮಿ.ಮೀ. ಅಂತ ಹಿಡಿದರೂ ಒಂದು ಗುಂಟೆಗೆ ಸುಮಾರು 500 ಲೀಟರ್ ನೀರು ಬೇಕು. ಹತ್ತು ಗುಂಟೆಗೆ 5,000. 200 ಲೀಟರ್ ಡ್ರಮ್ಮು ಆರು ನಿಮಿಷಕ್ಕೆ ತುಂಬಿದರೆ ಎರಡೂವರೆ ಗಂಟೆ ಮೋಟರ್ ಓಡಬೇಕು. ಅಷ್ಟು ಹೊತ್ತು ಕರೆಂಟು ಇರುತ್ತಾ, ಅದನ್ನೂ ಲೆಕ್ಕಕ್ಕೆ ಹಿಡೀರಿ. ಕಂಪ್ಲಿ ಕಡೆಯಿಂದ ಭತ್ತದ ಹುಲ್ಲು ತಂದು ನಾಲ್ಕು ಬೆರಳು ದಪ್ಪ ಹೊದಿಸಿದರೆ ತೇವ ನಿಲ್ಲುತ್ತೆ. ಗೆದ್ದಲಿದ್ದ ಹೊಲವಾದರೆ ಮೊದಲು ಬೇವಿನ ಹಿಂಡಿ ಹಾಕಿ.

ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಹೊಲದವರಿಗೆ ಒಂದು ಮಾತು. ಎಲೆ ಮೇಲೆ ಕೆಂಪು ಧೂಳು ಕೂತರೆ ಬಿಸಿಲು ಒಳಗೆ ಇಳಿಯಲ್ಲ, ಒಣ ಧೂಳಿನಲ್ಲಿ ನುಸಿಯೂ ಜಾಸ್ತಿ. ರಸ್ತೆ ಬದಿಗೆ ಎರಡು ಮೂರು ಸಾಲು ಜೋಳ ಒತ್ತಾಗಿ ಬಿತ್ತಿ. ವಾರಕ್ಕೊಮ್ಮೆ ಬೆಳಗ್ಗೆಯೇ ಬರೀ ನೀರು ಸಿಂಪಡಿಸಿ ಎಲೆ ತೊಳೀರಿ; ಸಂಜೆ ತೊಳೆದರೆ ರಾತ್ರಿಯೆಲ್ಲ ಎಲೆ ಒದ್ದೆಯಾಗೇ ಉಳಿದು ರೋಗ ಬರುತ್ತೆ.

ಚಳಿಗಾಲದ ಟೊಮೆಟೊ ಗಿಡ ಮಾರ್ಚ್‌ನಲ್ಲಿ ನಾಲ್ಕು ಕಾಯಿ ತೋರಿಸ್ತು ಅಂತ ಹಾಗೇ ಬಿಡಬೇಡಿ. ಅದರಲ್ಲಿ ಬೆಳೆಯುವ ಬಿಳಿನೊಣ ಪಕ್ಕದ ಬೆಂಡೆಗೆ ದಾಟಿ ಹಳದಿ ನಂಜು ಹರಡುತ್ತೆ. ಬೆಂಡೆ ಮೊಳಕೆ ಒಡೆಯೋದರೊಳಗೆ ಹಳೇ ಗಿಡಗಳನ್ನು ಬೇರುಸಮೇತ ಕಿತ್ತು ಹೊಲದಿಂದ ಹೊರಗೆ ಹಾಕಿ.