ಲಾರಿಯಲ್ಲಿ ಇರುಳಿನ ವಿದ್ಯುತ್ತು

ಭಾರೀ ಲಾರಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟನ್ನು ಪಡೆಯುತ್ತಾರೆ. ಎಂಜಿನ್ನು ನಿಂತಿರುವಾಗ 24 ವ್ಯಾಟಿನ ಫ್ಯಾನೊಂದು ಇರುಳೆಲ್ಲ 8 ಗಂಟೆ ತಿರುಗಿದರೂ ವ್ಯಯವಾಗುವುದು 8 ಆಂಪಿಯರ್-ಗಂಟೆ ಮಾತ್ರ. ಸುಸ್ಥಿತಿಯಲ್ಲಿರುವ ಬ್ಯಾಟರಿಗಳಿಗೆ ಇದು ಹೊರೆಯಲ್ಲ. ಕೇಡಿರುವುದು ಬೇರೆಡೆ. 12 ವೋಲ್ಟಿನ ಫ್ಯಾನನ್ನು ಒಂದೇ ಬ್ಯಾಟರಿಗೆ ಕಟ್ಟುವುದುಂಟು. ಸುಲಭೋಪಾಯವೆಂದು ತೋರುತ್ತದೆ, ಅಷ್ಟೆ. ಆಗ ಒಂದು ಬರಿದಾಗುತ್ತದೆ, ಇನ್ನೊಂದು ತುಂಬಿಯೇ ಇರುತ್ತದೆ. ಸರಣಿಯಲ್ಲಿ ಪ್ರವಾಹವು ಎಲ್ಲೆಡೆಯೂ ಒಂದೇ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಆದುದರಿಂದ ಹಗಲು ಆಲ್ಟರ್ನೇಟರು ವಿದ್ಯುತ್ತನ್ನು ತುಂಬುವಾಗ, ಮೊದಲೇ ತುಂಬಿದ್ದು ಅತಿಯಾಗಿ ತುಂಬಿ ನೀರನ್ನು ಕಳೆದುಕೊಳ್ಳುತ್ತದೆ. ಅರೆತುಂಬಿ ಉಳಿದುದರ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಗೊಳ್ಳುತ್ತದೆ. ಚಾಲಕನಿಗೆ ಇದು ತಿಳಿಯುವುದು ಒಂದು ಮುಂಜಾನೆ ಎಂಜಿನ್ನು ತಿರುಗದಿದ್ದಾಗ. 24 ವೋಲ್ಟನ್ನು 12ಕ್ಕೆ ಇಳಿಸುವ ಪರಿವರ್ತಕದ ಮೂಲಕ ಫ್ಯಾನನ್ನು ನಡೆಸಿದರೆ ಹೊರೆಯು ಎರಡರ ಮೇಲೂ ಸಮನಾಗಿ ಬೀಳುತ್ತದೆ.