ಬೆಂಕಿಯಿಲ್ಲದ ಹೊಗೆ

ಬೆಂಕಿಯಿಲ್ಲದೆ ಹೊಗೆಯಾಡದೆಂಬುದು ಹಳೆಯ ಮಾತು. ಆದರೆ ಬೆಂಕಿಯಿಲ್ಲದೆಯೇ ಹೊಗೆಯಂಥ ಮಂಜನ್ನು ಹೊರಡಿಸುವ ಉಪಕರಣವೊಂದು ಈಗ ಉಂಟು, ಅದೇ ಇ-ಸಿಗರೇಟು. ಶ್ವಾಸಕೋಶ ಕೆಟ್ಟವರು ಧೂಮಪಾನವನ್ನು ತ್ಯಜಿಸಲು ಇದು ನೆರವಾದೀತೆ? ಊರಿಗಾಂನಂಥ ಗಣಿಯೂರಿನಲ್ಲಿ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ಕೋಲಾರದ ಗಣಿಗಳಲ್ಲಿ ಚಿನ್ನವಿದ್ದುದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಸಿಲಿಕದ ನವುರಾದ ಧೂಳು ಏಳುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ವ್ಯಾಸದ ಕಣವು ನಿಶ್ಚಲವಾದ ಗಾಳಿಯಲ್ಲಿ ಒಂದು ಮೀಟರು ಇಳಿಯಲು ಸುಮಾರು ಮೂರು ಗಂಟೆ ಬೇಕು. ಹೀಗೆ ತೇಲುವ ಕಣಗಳು ಉಸಿರಿನೊಡನೆ ಶ್ವಾಸಕೋಶದ ಆಳವನ್ನು ಸೇರಿ, ಗಾಯದ ಕಲೆಯಂಥ ಗಡಸು ಗಂಟುಗಳನ್ನು ಬೆಳೆಸುತ್ತವೆ. ಇದೇ ಸಿಲಿಕೋಸಿಸ್. 1940ರಿಂದ 1946ರವರೆಗೆ ಇಲ್ಲಿನ 7,653 ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡುಬಂದಿತು. 2001ರಲ್ಲಿ ಗಣಿಗಳು ಮುಚ್ಚಿದವು. ಆದರೆ ಎದೆಯೊಳಗಿನ ಕಲೆ ಮಾಯುವಂಥದಲ್ಲ.

ಇಂಥ ಎದೆಗೆ ಬೀಡಿಯ ಹೊಗೆಯೂ ಸೇರಿದರೆ ಹಾನಿ ಇಮ್ಮಡಿಸುತ್ತದೆ. ಶ್ವಾಸನಾಳದಲ್ಲಿ ಕಫವನ್ನೂ ಧೂಳನ್ನೂ ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳನ್ನು ಹೊಗೆ ಕುಂಠಿತಗೊಳಿಸುತ್ತದೆ. ಅದರಲ್ಲಿನ ಕಾರ್ಬನ್ ಮಾನಾಕ್ಸೈಡು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ಧೂಮಪಾನವನ್ನು ಬಿಟ್ಟರೆ ಕಳೆದುಹೋದ ಶಕ್ತಿ ಪೂರ್ಣವಾಗಿ ಮರಳದಿದ್ದರೂ, ಉಳಿದ ಶಕ್ತಿ ಕ್ಷೀಣಿಸುವ ವೇಗ ತಗ್ಗುತ್ತದೆ.

ಹಾಗಾದರೆ ಬಿಡುವುದು ಕಷ್ಟವೇಕೆ? ಚಟ ಹತ್ತಿಸುವುದು ನಿಕೊಟಿನ್; ಶ್ವಾಸಕೋಶವನ್ನು ಕೆಡಿಸುವುದು ಬಹುಮಟ್ಟಿಗೆ ಹೊಗೆ. ಇವೆರಡನ್ನು ಬೇರ್ಪಡಿಸುವುದೇ ಇ-ಸಿಗರೇಟಿನ ತತ್ತ್ವ. ಬ್ಯಾಟರಿಯಿಂದ ಕಾಯುವ ತಂತಿಯ ಸುರುಳಿಯು ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಮತ್ತು ನಿಕೊಟಿನ್ ಬೆರೆತ ದ್ರವವನ್ನು ಆವಿಯಾಗಿಸುತ್ತದೆ; ಆವಿ ತಣಿದು ಸೂಕ್ಷ್ಮ ಹನಿಗಳಾಗುತ್ತದೆ. ದಹನವಿಲ್ಲವಾದುದರಿಂದ ಟಾರಿಲ್ಲ. ಆದರೂ ಇದು ಶುದ್ಧ ವಾಯುವಲ್ಲ: ಸುರುಳಿ ಅತಿಯಾಗಿ ಕಾದರೆ ದ್ರವ ಒಡೆದು ಫಾರ್ಮಾಲ್ಡಿಹೈಡಿನಂಥ ವಿಷ ಹುಟ್ಟುತ್ತದೆ.

2019ರಲ್ಲಿ ಪ್ರಕಟವಾದ, ಇಂಗ್ಲೆಂಡಿನ 886 ಧೂಮಪಾನಿಗಳ ಪರೀಕ್ಷೆಯೊಂದನ್ನು ನೋಡೋಣ. ಒಂದು ವರ್ಷದ ಬಳಿಕ ಇ-ಸಿಗರೇಟು ಪಡೆದವರಲ್ಲಿ ನೂರಕ್ಕೆ 18 ಮಂದಿ, ನಿಕೊಟಿನ್ ಪಟ್ಟಿ, ಚೂಯಿಂಗ್ ಗಮ್ಮು ಮುಂತಾದುವನ್ನು ಪಡೆದವರಲ್ಲಿ ಸುಮಾರು 10 ಮಂದಿ ಸಿಗರೇಟನ್ನು ಬಿಟ್ಟಿದ್ದರು. ಆದರೆ ಮೊದಲ ಗುಂಪಿನಲ್ಲಿ ಬಿಟ್ಟವರ ಪೈಕಿ ನೂರಕ್ಕೆ 80 ಮಂದಿ ಆಗಲೂ ಇ-ಸಿಗರೇಟನ್ನು ಸೇದುತ್ತಲೇ ಇದ್ದರು! ರೋಗಪೀಡಿತ ಶ್ವಾಸಕೋಶದ ಮೇಲೆ ಈ ಮಂಜಿನ ದೀರ್ಘಕಾಲದ ಪರಿಣಾಮವೇನೆಂಬುದನ್ನು ವಿಜ್ಞಾನ ಇನ್ನೂ ನಿಶ್ಚಯಿಸಿಲ್ಲ.

ನಮ್ಮಲ್ಲಿ ಆ ದಾರಿ ಕಾನೂನಿನಿಂದಲೇ ಮುಚ್ಚಿದೆ. ಎಳೆಯರು ಚಟಕ್ಕೆ ಬೀಳುವರೆಂಬ ಭೀತಿಯಿಂದ ಕರ್ನಾಟಕವು 2016ರಲ್ಲಿ, ಇಡೀ ಭಾರತವು 2019ರಲ್ಲಿ ಇದರ ಮಾರಾಟವನ್ನು ನಿಷೇಧಿಸಿದುವು. ಆದರೆ ನಿಕೊಟಿನನ್ನು ಹೊಗೆಯಿಂದ ಬೇರ್ಪಡಿಸುವ ತತ್ತ್ವವನ್ನು ಯಾರೂ ನಿಷೇಧಿಸಿಲ್ಲ. ಗಮ್ಮು, ಪಟ್ಟಿಗಳು ಔಷಧದ ಅಂಗಡಿಯಲ್ಲಿ ದೊರೆಯುತ್ತವೆ. ವೈದ್ಯರ ಸಲಹೆಯೂ, 1800-11-2356 ಎಂಬ ಉಚಿತ ದೂರವಾಣಿಯ ನೆರವೂ ಉಂಟು.

ಗಣಿಯಲ್ಲಿ ದುಡಿದ ತಾತಂದಿರಿರುವ ಮನೆಯ ವಿದ್ಯಾರ್ಥಿಗಳು ಈ ಮಾತನ್ನು ಅವರಿಗೆ ವಿನಯದಿಂದ ತಿಳಿಸಬಹುದು: ಧೂಳು ಅವರ ಇಚ್ಛೆಯಿಂದ ಎದೆಯನ್ನು ಹೊಕ್ಕುದಲ್ಲ, ಹೊಗೆಯನ್ನಾದರೋ ಇಂದೇ ತಡೆಯಬಹುದು.