ಡಂಬಳದ ತಾರಾದೇವಿ ಮತ್ತು ಕೊಂಢವಾದ ಕಾಕು

ಕೊಂಢವಾದ ನಮ್ಮ ಫ್ಲ್ಯಾಟಿನ ಗೋಡೆಯ ಮೇಲೆ ಹಸಿರು ತಾರೆಯ ಒಂದು ಚಿತ್ರಪಟ ಇದೆ. ಆರು ವರ್ಷದ ಹಿಂದೆ ಬೈಲಕುಪ್ಪೆಗೆ ಪ್ರವಾಸ ಹೋದಾಗ, ಬಣ್ಣ ಚೆನ್ನಾಗಿದೆ ಎಂದು ಕೊಂಡದ್ದು. ಅದರಲ್ಲಿ ಭಕ್ತಿ ಏನೂ ಇರಲಿಲ್ಲ. ಕಳೆದ ದೀಪಾವಳಿಗೆ ನಾವು ಕೊಟ್ಟಿದ್ದ ಚಕ್ಕುಲಿಯ ತಟ್ಟೆಯನ್ನು ಹಿಂದಿರುಗಿಸಲು ಬಂದ ಎದುರು ಮನೆಯ ಕಾಕು ಅದರ ಮುಂದೆ ನಿಂತರು. ‘ಇದು ಬೌದ್ಧರ ಚಿತ್ರ ಅಲ್ಲವಾ? ಬುದ್ಧನ ಧಮ್ಮದಲ್ಲಿ ದೇವಿ ಎಲ್ಲಿಂದ ಬಂದಳು?’ ಎಂದು ಮರಾಠಿಯಲ್ಲಿ ಕೇಳಿದರು.

ಸುಮ್ಮನೆ ಕೇಳಿದ್ದಲ್ಲ ಅದು. 1954ರ ಡಿಸೆಂಬರ್ 25ರಂದು ಪುಣೆಯ ದೇಹೂ ರೋಡಿನಲ್ಲಿ ಬಾಬಾಸಾಹೇಬರು ಬುದ್ಧನ ಮೂರ್ತಿ ಪ್ರತಿಷ್ಠಾಪಿಸಿದಾಗ ಆ ಜನಸಂದಣಿಯಲ್ಲಿ ಕಾಕುವಿನ ತಂದೆಯೂ ಇದ್ದರಂತೆ. 1956ರಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳ ಮೊದಲ ಕೆಲವು, ಹಳೆಯ ದೇವರುಗಳನ್ನು ಪೂಜಿಸೆನು ಎಂಬವೇ. ಅಷ್ಟು ಕಷ್ಟಪಟ್ಟು ಹೊಸ್ತಿಲಿನಿಂದ ಆಚೆ ಕಳಿಸಿದ್ದು ಹಸಿರು ಬಣ್ಣ ಬಳಿದುಕೊಂಡು ಕಿಟಕಿಯಿಂದ ಮತ್ತೆ ಬಂತೇ ಎಂಬ ಸಂಶಯ ಅವರದು.

ನನ್ನ ಬಳಿ ಉತ್ತರ ಇರಲಿಲ್ಲ. ನಾಚಿಕೆಯ ಸಂಗತಿ ಏನೆಂದರೆ, ನಾನು ಗದಗ ಜಿಲ್ಲೆಯವಳು. ಶಾಲೆಯಿಂದ ಡಂಬಳಕ್ಕೆ ಎಷ್ಟು ಸಲ ಕರೆದೊಯ್ದರೋ ಲೆಕ್ಕವಿಲ್ಲ. ದೊಡ್ಡಬಸಪ್ಪನ ಗುಡಿಯ ನಕ್ಷತ್ರದಂಥ ಗೋಡೆ ನೋಡಿದೆವು, ಕೆರೆ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಅದೇ ಊರಿನಲ್ಲಿ ತಾರಾದೇವಿಗೆ ಒಂದು ವಿಹಾರ ಇತ್ತೆಂದು ಯಾರೂ ಹೇಳಲಿಲ್ಲ.

ಆರನೇ ವಿಕ್ರಮಾದಿತ್ಯನ ಕಾಲದ, 1095ರ ಶಾಸನ ಅದನ್ನು ಹೇಳುತ್ತದೆ. ಡಂಬಳದಲ್ಲಿ ಹದಿನಾರು ಸೆಟ್ಟಿಗಳು ಸೇರಿ ಕಟ್ಟಿಸಿದ ಬುದ್ಧ ವಿಹಾರ ಒಂದು, ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಸೆಟ್ಟಿಯೊಬ್ಬ ಕಟ್ಟಿಸಿದ ತಾರಾದೇವಿಯ ವಿಹಾರ ಇನ್ನೊಂದು. ಶಾಸನದ ಆರಂಭದಲ್ಲೇ ತಾರೆಗೆ ನಮಸ್ಕಾರ ಇದೆ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಬೇಡಿ, ಕಡಲು, ಪಿಶಾಚಿ ಎಂಬ ಎಂಟು ಭಯಗಳನ್ನು ಕಳೆಯುವವಳು ಆಕೆ. ಸರಕು ಹೇರಿಕೊಂಡು ಊರೂರು ಅಲೆಯುವ ವ್ಯಾಪಾರಿಗಳಿಗೆ ಇವು ಕಾವ್ಯದ ಮಾತುಗಳಲ್ಲ, ದಿನದ ಮಾತುಗಳು. ಹೊಟ್ಟೆಪಾಡಿಗೆ ಊರು ಬಿಟ್ಟವರ ದೇವಿ ಈಕೆ ಎಂದು ತಿಳಿದ ಮೇಲೆ ಗೋಡೆಯ ಚಿತ್ರ ನನಗೆ ಬೇರೆಯಾಗಿಯೇ ಕಂಡಿತು.

ಡಂಬಳ ಒಂದೇ ಅಲ್ಲ. 1060ರ ದಶಕದಲ್ಲಿ ಬಳ್ಳಿಗಾವೆಯಲ್ಲಿ ರೂಪಭಟ್ಟಯ್ಯನೆಂಬ ದಂಡನಾಯಕ ಬೌದ್ಧ ವಿಹಾರ ಕಟ್ಟಿಸಿ, ತಾರಾ ಭಗವತಿ, ಕೇಶವ, ಲೋಕೇಶ್ವರ, ಬುದ್ಧ ನಾಲ್ವರ ಪೂಜೆಗೂ ಒಟ್ಟಿಗೆ ದತ್ತಿ ಬಿಟ್ಟ. ಮಂಗಳೂರಿನ ಕದ್ರಿಯಲ್ಲಿ 968ರಲ್ಲಿ ಆಳುಪ ದೊರೆ ಕುಂದವರ್ಮ ನಿಲ್ಲಿಸಿದ ಲೋಕೇಶ್ವರನಿಗೆ ಮೂರು ಮುಖ, ಆರು ಕೈ. ನಾವು ಇಂದಿಗೂ ಕೈಮುಗಿದೇ ಬರುತ್ತೇವೆ.

ಆದರೆ ಕಾಕು ಕೇಳಿದ್ದು ಇತಿಹಾಸವನ್ನಲ್ಲ. ಬುದ್ಧನನ್ನು ನಂಬಿದವನು ದೇವಿಯನ್ನು ಏನು ಮಾಡುತ್ತಾನೆ ಎಂಬುದನ್ನು.

ತಾಂತ್ರಿಕ ಬೌದ್ಧರ ಸಾಧನೆಯ ಕ್ರಮ ಹೀಗಿದೆ. ಶರಣಾಗತಿ ಮೊದಲು. ಇದನ್ನು ಮಾಡುತ್ತಿರುವುದು ಸಕಲ ಜೀವಿಗಳ ಒಳಿತಿಗೆ ಎಂಬ ಸಂಕಲ್ಪ ಆಮೇಲೆ. ನಂತರ ಕೋಣೆ, ದೇಹ, ಹೆಸರು ಎಲ್ಲವನ್ನೂ ಶೂನ್ಯದಲ್ಲಿ ಕರಗಿಸಬೇಕು. ಆ ಬಯಲಿನಲ್ಲಿ ‘ತಾಂ’ ಎಂಬ ಹಸಿರು ಬೀಜಾಕ್ಷರ ಮೂಡುತ್ತದೆ. ಅದರಿಂದ ಸಾಧಕನೇ ತಾರೆಯಾಗಿ ಏಳುತ್ತಾನೆ. ಎಡಗಾಲು ಮಡಿಚಿದೆ, ಬಲಗಾಲು ತುಸು ಮುಂದೆ ಚಾಚಿದೆ, ಯಾರೋ ಕರೆದರೆ ತಟ್ಟನೆ ಎದ್ದು ಹೋಗಲು ಸಿದ್ಧಳಾದಂತೆ. ಎಡಗೈಯಲ್ಲಿ ನೈದಿಲೆ. ಒಡವೆಯ ಹರಳಿನವರೆಗೆ ಎಲ್ಲವೂ ಸ್ಪಷ್ಟವಾಗಬೇಕು. ಮಂತ್ರ ಜಪಿಸುವಾಗ ಎದೆಯಿಂದ ಬೆಳಕು ಹೊರಟು ನರಳುವವರನ್ನು ಮುಟ್ಟುತ್ತದೆ. ಕೊನೆಗೆ ಲೋಕ ದೇಹದಲ್ಲಿ, ದೇಹ ಬೀಜಾಕ್ಷರದಲ್ಲಿ, ಅಕ್ಷರ ಅದರ ಬಿಂದುವಿನಲ್ಲಿ ಅಡಗಿ, ಅದೂ ಇಲ್ಲವಾಗುತ್ತದೆ. ಕಟ್ಟುವ ಈ ಹಂತಕ್ಕೆ ಉತ್ಪತ್ತಿಕ್ರಮ ಎಂದು ಹೆಸರು; ದೇಹದೊಳಗಿನ ಪ್ರಾಣವಾಯುಗಳನ್ನು ಹಿಡಿದು ಮಾಡುವ ನಿಷ್ಪನ್ನಕ್ರಮ ಇದರ ಮುಂದಿನದು.

ಅಂದರೆ ಇಲ್ಲಿ ದೇವಿ ಹೊರಗೆ ಕುಳಿತು ವರ ಕೊಡುವವಳಲ್ಲ. ‘ನಾನು ಇಂಥವಳು, ನನ್ನಿಂದಾಗದು, ನನಗೆ ಸಿಟ್ಟು ಹೆಚ್ಚು’ ಎಂದು ನಾವು ದಿನಾ ಕಟ್ಟಿಕೊಳ್ಳುವ ಚಿತ್ರವೂ ಒಂದು ಕಲ್ಪನೆಯೇ. ಕರುಣೆಯ ಇನ್ನೊಂದು ರೂಪವನ್ನು ತಿಳಿದೇ ಕಟ್ಟಿ, ತಿಳಿದೇ ಕರಗಿಸುವವನಿಗೆ ಮೊದಲ ಚಿತ್ರದ ಹಿಡಿತವೂ ಸಡಿಲವಾಗುತ್ತದೆ. ಎಂಟು ಭಯಗಳನ್ನೂ ಟಿಬೆಟಿನ ಗುರುಗಳು ಒಳಗಿನವೆಂದೇ ಓದುತ್ತಾರೆ. ಸಿಂಹ ಅಹಂಕಾರ, ಬೆಂಕಿ ಕೋಪ, ಹಾವು ಹೊಟ್ಟೆಕಿಚ್ಚು, ಪಿಶಾಚಿ ಸಂಶಯ. ಶೂನ್ಯದ ಅರಿವಿಲ್ಲದೆ ‘ನಾನೇ ದೇವಿ’ ಎಂದುಕೊಂಡರೆ ಅದು ಬರೀ ಭ್ರಮೆ ಎಂದು ಎಚ್ಚರಿಸುವವರೂ ಅವರೇ.

ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸುವುದನ್ನು ಮನೆಯಲ್ಲೇ ಕಂಡು ಬೆಳೆದವರಿಗೆ ಇದು ತೀರಾ ಹೊಸತು ಅನ್ನಿಸಲಾರದು. ಬಯಲು ಎಂಬ ಮಾತನ್ನು ನಮಗೆ ಕೊಟ್ಟ ಅಲ್ಲಮ ಬಳ್ಳಿಗಾವೆಯವನು. ತಾರೆಗೆ ದತ್ತಿ ಬಿಟ್ಟ ಅದೇ ಊರು. ಇವೆರಡಕ್ಕೂ ಗಂಟು ಹಾಕುವಷ್ಟು ಪಾಂಡಿತ್ಯ ನನಗಿಲ್ಲ. ಆದರೂ ಅದು ನೆನಪಾಗದೆ ಇರುವುದಿಲ್ಲ.

ನಮ್ಮಲ್ಲಿ ಅಳಿದದ್ದು ಟಿಬೆಟಿನಿಂದ ನಿರಾಶ್ರಿತರಾಗಿ ಬಂದವರ ಜೊತೆ ಮರಳಿ ಬಂತು. ಬೈಲಕುಪ್ಪೆಯ ಮೊದಲ ವಸತಿ 1961ರದು, ಅಲ್ಲಿನ ನಾಮ್‌ಡ್ರೋಲಿಂಗ್ ಮಠ 1963ರದು. 1433ರಲ್ಲಿ ಟಿಬೆಟಿನಲ್ಲಿ ಶುರುವಾದ ಗ್ಯುಮೆ ತಾಂತ್ರಿಕ ವಿದ್ಯಾಪೀಠ ಈಗ ಹುಣಸೂರು ಬಳಿಯ ಗುರುಪುರದಲ್ಲಿದೆ. ಮುಂಡಗೋಡದಲ್ಲಿ 1995ರ ಜನವರಿಯಲ್ಲಿ ದಲೈ ಲಾಮಾ ಕಾಲಚಕ್ರ ದೀಕ್ಷೆ ಕೊಟ್ಟರು. ನಾವು ಮಾತ್ರ ಬಂಗಾರದ ಬುದ್ಧನ ಮುಂದೆ ಸೆಲ್ಫಿ ತೆಗೆದು, ಮೊಮೊ ತಿಂದು ಬಂದೆವು.

ಈಗ ವಾಟ್ಸಾಪಿನಲ್ಲಿ ‘ಎರಡೇ ದಿನದಲ್ಲಿ ತಾರಾ ದೀಕ್ಷೆ’ ಎಂಬ ಜಾಹೀರಾತುಗಳು ಬರುತ್ತವೆ. ಗುರು ಶಿಷ್ಯನನ್ನು, ಶಿಷ್ಯ ಗುರುವನ್ನು ಹನ್ನೆರಡು ವರ್ಷ ಬೇಕಾದರೂ ಪರೀಕ್ಷಿಸಲಿ ಎಂಬುದು ಈ ಪರಂಪರೆಯದೇ ಮಾತು. ಹಾಗಾಗಿ ನಾನು ದೀಕ್ಷೆ ತೆಗೆದುಕೊಂಡಿಲ್ಲ. ದೀಕ್ಷೆ ಇಲ್ಲದವರು ತಾರೆಯನ್ನು ತಾನೆಂದಲ್ಲ, ಎದುರಿಗೆ ಕುಳಿತವಳೆಂದು ಭಾವಿಸಿ ಜಪಿಸಬಹುದು ಎನ್ನುವ ಗುರುಗಳಿದ್ದಾರೆ. ಅಷ್ಟನ್ನು ಮಾಡುತ್ತೇನೆ. ಊರಿನಲ್ಲಿ ಅವ್ವ ಒಬ್ಬಳೇ. ರಾತ್ರಿ ಹನ್ನೊಂದರ ಮೇಲೆ ಫೋನ್ ರಿಂಗಾದರೆ ಕೈ ನಡುಗುತ್ತದೆ. ಶಾಸನದಲ್ಲಿ ಇಲ್ಲದ ಒಂಬತ್ತನೆಯ ಭಯ ಅದು. ಕಡಿಮೆಯಾಯಿತು ಎಂದರೆ ಸುಳ್ಳಾದೀತು. ಫೋನ್ ಎತ್ತುವ ಮುಂಚೆ ಒಂದು ಉಸಿರಿನಷ್ಟು ಜಾಗ ಸಿಗುತ್ತಿದೆ.

ಇದನ್ನೆಲ್ಲ ಕಾಕುವಿಗೆ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ. ‘ಓದಿದವರು ಕರಗಿಸುತ್ತಾರೆ, ಉಳಿದವರು ನೌಕರಿ ಕೊಡು, ಮಗು ಕೊಡು ಅಂತಲೇ ಕೇಳುತ್ತಾರೆ’ ಎಂದರು. ಅದೂ ಸುಳ್ಳಲ್ಲ. ಮಠಗಳಲ್ಲಿ ಹಾಗೆ ಬೇಡಿಕೊಳ್ಳುವವರೇ ಹೆಚ್ಚು. ಡಿಸೆಂಬರ್ 25ಕ್ಕೆ ದೇಹೂ ರೋಡಿಗೆ ಜೊತೆಗೆ ಬಾ ಎಂದಿದ್ದಾರೆ. ಹೋಗುತ್ತೇನೆ. ಸಂಕ್ರಾಂತಿಗೆ ಅವ್ವನ ಹತ್ತಿರ ಹೋದಾಗ ಡಂಬಳಕ್ಕೂ ಹೋಗಿಬರಬೇಕು.